ಹಲ್ಲಿಗೊಂದು ಭಾಷೆ ಕೊಟ್ಟ ಜಿ.ವಿ. ಬ್ಲ್ಯಾಕ್

ಹಲ್ಲುನೋವು ತಾಳಲಾರದೆ ಯರಗಟ್ಟಿಯಿಂದ ಬೆಳಗಾವಿಯ ಬಸ್ಸು ಹತ್ತಿ, ದಂತ ಆಸ್ಪತ್ರೆಯ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತವರಿಗೆ ಒಂದು ಅನುಭವ ಸಾಮಾನ್ಯ. ವೈದ್ಯರು ಪುಟ್ಟ ಕನ್ನಡಿ ಹಿಡಿದು ಒಳಗೆ ಇಣುಕುತ್ತಾರೆ. ಪಕ್ಕದಲ್ಲಿ ನಿಂತ ಕಿರಿಯರಿಗೆ ಎರಡು ಅಂಕಿ, ಎರಡು ಪದ ಹೇಳುತ್ತಾರೆ: ಮೂರು ಆರು, ಮೀಸಿಯಲ್, ಒಕ್ಲೂಸಲ್. ಕಿರಿಯರು ಬರೆದುಕೊಳ್ಳುತ್ತಾರೆ. ರೋಗಿಗೆ ಒಂದಕ್ಷರವೂ ಅರ್ಥವಾಗುವುದಿಲ್ಲ. ಆದರೆ ಅದೇ ಚೀಟಿಯನ್ನು ಬೆಂಗಳೂರಿಗೋ ಚಿಕಾಗೊಗೋ ಒಯ್ದು ಮತ್ತೊಬ್ಬ ದಂತವೈದ್ಯರ ಕೈಗಿತ್ತರೆ ಅವರು ತಪ್ಪದೆ ಅದೇ ಹಲ್ಲನ್ನು, ಅದೇ ಮಗ್ಗುಲನ್ನು ಮುಟ್ಟುತ್ತಾರೆ. ಎಡಗಡೆಯ ಕೆಳದವಡೆಯಲ್ಲಿ ಆರನೆಯ ವಯಸ್ಸಿನ ಸುಮಾರಿಗೆ ಮೂಡುವ ಮೊದಲ ದೊಡ್ಡ ದವಡೆಹಲ್ಲು, ಅದರ ಮುಂಬದಿಯ ಮಗ್ಗುಲು ಮತ್ತು ಅಗಿಯುವ ಮುಖ ಎಂಬುದು ಆ ಚೀಟಿಯ ಅರ್ಥ.

ಹಲ್ಲಿಗೆ ಅಂಕಿ ಕೊಡುವ ಈ ಕ್ರಮ ಅಂತರರಾಷ್ಟ್ರೀಯ ದಂತವೈದ್ಯ ಒಕ್ಕೂಟದ ಮೂಲಕ 1970ರ ಸುಮಾರಿಗೆ ರೂಢಿಗೆ ಬಂದದ್ದು. ಆದರೆ ಹಲ್ಲಿನ ಪ್ರತಿಯೊಂದು ಮುಖಕ್ಕೂ ಒಂದೇ ಹೆಸರು, ಪ್ರತಿಯೊಂದು ಹೆಸರಿಗೂ ಒಂದೇ ಅರ್ಥ ಎಂಬ ಶಿಸ್ತು ಅದಕ್ಕಿಂತ ಮುಕ್ಕಾಲು ಶತಮಾನದಷ್ಟು ಹಳೆಯದು. ಆ ಶಿಸ್ತನ್ನು ಕಟ್ಟಿದವರಲ್ಲಿ ಮೊದಲಿಗರಾಗಿ ನಿಲ್ಲುವವರು ಅಮೆರಿಕದ ಗ್ರೀನ್ ವಾರ್ಡಿಮನ್ ಬ್ಲ್ಯಾಕ್. ದಂತವೈದ್ಯಕೀಯದ ವಿದ್ಯಾರ್ಥಿಗಳ ಪಾಲಿಗೆ ಅವರು ಜಿ.ವಿ. ಬ್ಲ್ಯಾಕ್. ಜಗತ್ತಿನ ದಂತವೈದ್ಯರಿಗೆ ಪಾರಿಭಾಷಿಕ ಪದಗಳನ್ನು ಕಲಿಸಿದ ಈ ವ್ಯಕ್ತಿ ಸ್ವತಃ ಯಾವ ದಂತವೈದ್ಯ ಕಾಲೇಜಿನಲ್ಲಿಯೂ ವಿದ್ಯಾರ್ಥಿಯಾಗಿ ಕುಳಿತವರಲ್ಲ ಎಂಬುದು ಅವರ ಬದುಕಿನ ದೊಡ್ಡ ವಿಸ್ಮಯ.

ಕಾಡೇ ಮೊದಲ ಪಾಠಶಾಲೆ

ಬ್ಲ್ಯಾಕ್ ಜನಿಸಿದ್ದು 1836ರ ಆಗಸ್ಟ್ 3ರಂದು, ಇಲಿನಾಯ್ ರಾಜ್ಯದ ವಿಂಚೆಸ್ಟರ್ ಎಂಬ ಊರಿನ ಬಳಿ, ಒಂದು ರೈತ ಕುಟುಂಬದಲ್ಲಿ. ಆ ಕಾಲಕ್ಕೆ ಅದು ಹೊಸದಾಗಿ ಬೇಸಾಯಕ್ಕೆ ಒಳಪಡುತ್ತಿದ್ದ ಸೀಮೆ. ಶಾಲೆಗಳು ವಿರಳ, ಕೆಲಸ ವಿಪರೀತ. ಬಾಲಕ ಬ್ಲ್ಯಾಕ್ ಶಾಲೆಯ ಬೆಂಚಿನ ಮೇಲೆ ಕಳೆದದ್ದು ಅತ್ಯಲ್ಪ ಕಾಲ. ಹೊಲ, ಹಳ್ಳ, ಕಾಡುಗಳಲ್ಲಿ ಅಲೆದು ಗಿಡಮರಗಳನ್ನೂ ಪ್ರಾಣಿಗಳನ್ನೂ ನೋಡುತ್ತ ಬೆಳೆದ ಹುಡುಗನಿಗೆ ನೋಡಿದ್ದನ್ನು ಬಿಡಿಸಿ ನೋಡುವ, ಬೇರೆ ಬೇರೆಯಾಗಿ ಗುರುತಿಸುವ ಚಾಳಿ ಅಂಟಿಕೊಂಡಿತು. ಮುಂದೆ ಹಲ್ಲನ್ನು ನೋಡಿದ್ದೂ ಇದೇ ಕಣ್ಣಿನಿಂದ.

ಹದಿನೇಳನೆಯ ವಯಸ್ಸಿನಲ್ಲಿ ಅವರು ವೈದ್ಯರಾಗಿದ್ದ ಅಣ್ಣ ಥಾಮಸ್ ಅವರ ಮನೆ ಸೇರಿ ವೈದ್ಯವಿದ್ಯೆಯ ಅಭ್ಯಾಸ ಆರಂಭಿಸಿದರು. 1857ರಲ್ಲಿ ಸ್ಪಿಯರ್ ಎಂಬ ದಂತವೈದ್ಯರ ಬಳಿ ಕೆಲವು ತಿಂಗಳು ಕೆಲಸ ಕಲಿತರು. ಅಷ್ಟಕ್ಕೇ ಶಿಕ್ಷಣ ಮುಗಿಯಿತು. ಅಂದು ಅದು ಅಸಹಜವೇನೂ ಆಗಿರಲಿಲ್ಲ. ಅಮೆರಿಕದಲ್ಲಿ ದಂತವೈದ್ಯ ಕಾಲೇಜು ಎಂಬುದು 1840ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಮೊದಲ ಬಾರಿಗೆ ಆರಂಭವಾಗಿತ್ತಾದರೂ ಬಹುಪಾಲು ಮಂದಿ ಕಮ್ಮಾರಿಕೆ, ಬಡಗಿತನ ಕಲಿತಂತೆಯೇ ಹಿರಿಯರೊಬ್ಬರ ಕೈಕೆಳಗೆ ಹಲ್ಲಿನ ಕೆಲಸವನ್ನೂ ಕಲಿಯುತ್ತಿದ್ದರು. ನಮ್ಮ ಕಡೆ ಹಲ್ಲು ಕಟ್ಟುವವರು ತಂದೆಯಿಂದ ಮಗನಿಗೆ ಕಸುಬು ದಾಟಿಸಿದ ಹಾಗೆ.

ವಿಂಚೆಸ್ಟರ್‌ನಲ್ಲಿ ಬ್ಲ್ಯಾಕ್ ತಮ್ಮ ಚಿಕಿತ್ಸಾಲಯ ತೆರೆದರು. ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಸಿಡಿಯಿತು. 1862ರಲ್ಲಿ ಉತ್ತರದ ಒಕ್ಕೂಟ ಸೇನೆ ಸೇರಿದ ಅವರು ಬೇಹಿನ ಕೆಲಸ ಮಾಡಿದರು. ಮೊಣಕಾಲಿಗೆ ಬಿದ್ದ ಪೆಟ್ಟು ಅವರನ್ನು ಆಸ್ಪತ್ರೆಗೆ, ಅಲ್ಲಿಂದ ಮನೆಗೆ ಕಳಿಸಿತು. 1864ರಲ್ಲಿ ಅದೇ ರಾಜ್ಯದ ಜಾಕ್ಸನ್‌ವಿಲ್‌ಗೆ ಬಂದು ನೆಲೆಸಿ ಮತ್ತೆ ವೃತ್ತಿ ಆರಂಭಿಸಿದರು. ಹಗಲು ರೋಗಿಗಳು, ರಾತ್ರಿ ಪುಸ್ತಕ ಮತ್ತು ಸೂಕ್ಷ್ಮದರ್ಶಕ. ರಸಾಯನಶಾಸ್ತ್ರ, ಅಂಗರಚನೆ, ಸೂಕ್ಷ್ಮಜೀವಿಗಳ ಅಧ್ಯಯನ ಎಲ್ಲವೂ ಸ್ವಂತ ದುಡಿಮೆಯಿಂದ ದಕ್ಕಿದವು. ಕಾಲಿನಿಂದ ತುಳಿದು ನಡೆಸುವ ಹಲ್ಲು ಕೊರೆಯುವ ಯಂತ್ರವನ್ನೂ ರೂಪಿಸಿದರು. 1881ರಲ್ಲಿ ಇಲಿನಾಯ್ ರಾಜ್ಯ ದಂತವೈದ್ಯ ವೃತ್ತಿಯನ್ನು ನಿಯಂತ್ರಿಸುವ ಕಾನೂನು ತಂದಾಗ ಪರೀಕ್ಷಾ ಮಂಡಳಿಯ ಅಧ್ಯಕ್ಷತೆ ಅವರ ಪಾಲಿಗೆ ಬಂತು. ಪದವಿಯಿಲ್ಲದೆ ವೃತ್ತಿಗಿಳಿದವರೇ ಪರೀಕ್ಷೆಯಿಲ್ಲದೆ ಯಾರೂ ವೃತ್ತಿಗಿಳಿಯಕೂಡದೆಂಬ ನಿಯಮದ ಕಾವಲಿಗೆ ನಿಂತರು.

ಒಂದು ಮುಖಕ್ಕೆ ಹಲವು ಹೆಸರು

ಸೇಂಟ್ ಲೂಯಿಸ್, ಚಿಕಾಗೊ, ಅಯೋವಾಗಳಲ್ಲಿ ಪಾಠ ಹೇಳಿದ ಬ್ಲ್ಯಾಕ್ 1891ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ದಂತವೈದ್ಯ ಶಾಲೆಗೆ ಬಂದರು. 1897ರಿಂದ ಕೊನೆಯವರೆಗೆ ಅದರ ಮುಖ್ಯಸ್ಥರಾಗಿದ್ದರು. ಪಾಠ ಹೇಳುವವರಿಗೆ ಅಂದು ಎದುರಾಗುತ್ತಿದ್ದ ತೊಡಕು ರೋಗದ್ದಷ್ಟೇ ಅಲ್ಲ, ಮಾತಿನದೂ ಆಗಿತ್ತು. ಒಂದೇ ಮುಖವನ್ನು ಒಬ್ಬರು ಒಂದು ಹೆಸರಿನಿಂದ ಕರೆದರೆ ಮತ್ತೊಬ್ಬರು ಇನ್ನೊಂದರಿಂದ ಕರೆಯುತ್ತಿದ್ದರು. ಒಂದೂರಿನ ವೈದ್ಯರ ಬರಹ ಇನ್ನೊಂದೂರಿನವರಿಗೆ ಒಗಟಾಗುತ್ತಿತ್ತು.

ಮುಂದೆ, ಹಿಂದೆ, ಎಡ, ಬಲ ಎಂಬ ಸಾದಾ ಮಾತುಗಳು ಸಾಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಸಾಲವು. ಏಕೆಂದರೆ ಹಲ್ಲುಸಾಲು ನೇರ ಗೆರೆಯಲ್ಲ, ಕುದುರೆಲಾಳದಂತೆ ಬಾಗಿದ ಕಮಾನು. ಬಾಚಿಹಲ್ಲಿಗೆ ಮುಂಭಾಗವೆಂದರೆ ತುಟಿಯ ಕಡೆ. ದವಡೆಹಲ್ಲಿಗೆ ಮುಂಭಾಗವೆಂದರೆ ಪಕ್ಕದ ಹಲ್ಲಿಗೆ ತಾಗಿದ ಕಡೆ. ವೈದ್ಯರ ಎಡಗೈ ಕಡೆ ಇರುವುದು ರೋಗಿಯ ಬಲದವಡೆ. ಮೇಲೆ ಎಂದರೂ ಗೊಂದಲವೇ: ಕೆಳಹಲ್ಲಿನ ತುದಿ ಮೇಲಕ್ಕಿದ್ದರೆ ಮೇಲುಹಲ್ಲಿನ ತುದಿ ಕೆಳಕ್ಕಿರುತ್ತದೆ. ಬಾಯಿಯೆಂಬ ಪುಟ್ಟ ಗವಿಯಲ್ಲಿ ನಿತ್ಯದ ದಿಕ್ಕುಗಳು ದಾರಿ ತಪ್ಪಿಸುತ್ತವೆ.

ಇದಕ್ಕೆ ಪರಿಹಾರವಾಗಿ ಮುಖದ ನಡುಗೆರೆಯನ್ನೇ ಆಧಾರವಾಗಿ ಹಿಡಿಯುವ ಪದ್ಧತಿ ಬಲಗೊಂಡಿತು. ಕಮಾನಿನುದ್ದಕ್ಕೂ ನಡುಗೆರೆಯತ್ತ ಇರುವ ಮಗ್ಗುಲು ಮೀಸಿಯಲ್, ಅದರಿಂದ ದೂರವಿರುವ ಮಗ್ಗುಲು ಡಿಸ್ಟಲ್. ಕೆನ್ನೆಯ ಕಡೆಯದು ಬಕಲ್, ತುಟಿಯ ಕಡೆಯದು ಲೇಬಿಯಲ್, ನಾಲಿಗೆಯ ಕಡೆಯದು ಲಿಂಗ್ವಲ್, ಬಾಯಿ ಮುಚ್ಚಿದಾಗ ಎದುರುಹಲ್ಲಿಗೆ ಕೂಡುವ ಅಗಿಯುವ ಮುಖ ಒಕ್ಲೂಸಲ್. ಎಲ್ಲವೂ ಗ್ರೀಕ್, ಲ್ಯಾಟಿನ್ ಮೂಲದ ಪದಗಳು. ಇವೆಲ್ಲವನ್ನೂ ಬ್ಲ್ಯಾಕ್ ಒಬ್ಬರೇ ಹುಟ್ಟಿಸಿದರೆಂದಲ್ಲ. ಬಳಕೆಯಲ್ಲಿದ್ದ ಹಲವು ಪದಗಳಲ್ಲಿ ತಕ್ಕದ್ದನ್ನು ಆರಿಸಿ, ಇಲ್ಲದ ಕಡೆ ಹೊಸದನ್ನು ಸೇರಿಸಿ, ಒಂದಕ್ಕೊಂದು ಹೊಂದುವಂತೆ ಜೋಡಿಸಿದ್ದು ಅವರ ಹಿರಿಮೆ. 1890ರಲ್ಲಿ ಪ್ರಕಟವಾದ ಹಲ್ಲಿನ ಅಂಗರಚನೆಯ ಕುರಿತ ಅವರ ಗ್ರಂಥ ಇದಕ್ಕೆ ಬುನಾದಿಯಾಯಿತು. 1893ರಲ್ಲಿ ಚಿಕಾಗೊದಲ್ಲಿ ಸೇರಿದ ದಂತವೈದ್ಯರ ಮಹಾಸಮ್ಮೇಳನದಲ್ಲಿ ಪಾರಿಭಾಷಿಕ ಪದಗಳ ವರದಿಯನ್ನು ಮಂಡಿಸಿದವರೂ ಅವರೇ.

ಉಪಕರಣಗಳಿಗೂ ಇದೇ ಶಿಸ್ತು ಬಂತು. ಹಲ್ಲಿನ ಹುಳುಕು ಕೆತ್ತುವ ಉಳಿಗಳನ್ನು ಬ್ಲ್ಯಾಕ್ ಮೂರು ಅಂಕಿಗಳ ಸೂತ್ರದಲ್ಲಿ ಹಿಡಿದರು. ಮೊದಲನೆಯದು ಅಲಗಿನ ಅಗಲ, ಮಿಲಿಮೀಟರಿನ ಹತ್ತನೆಯ ಒಂದಂಶದ ಲೆಕ್ಕದಲ್ಲಿ. ಎರಡನೆಯದು ಅಲಗಿನ ಉದ್ದ, ಮಿಲಿಮೀಟರಿನಲ್ಲಿ. ಮೂರನೆಯದು ಹಿಡಿಕೆಗೂ ಅಲಗಿಗೂ ಇರುವ ಕೋನ, ವೃತ್ತವನ್ನು ನೂರು ಭಾಗ ಮಾಡಿದ ಲೆಕ್ಕದಲ್ಲಿ. 10-7-14 ಎಂದರೆ ಒಂದು ಮಿಲಿಮೀಟರ್ ಅಗಲ, ಏಳು ಮಿಲಿಮೀಟರ್ ಉದ್ದ, ಸುಮಾರು 50 ಡಿಗ್ರಿ ಬಾಗು. ಸೂತ್ರ ತಿಳಿದವರು ಯಾವ ಊರಿನಿಂದಲಾದರೂ ಅದೇ ಉಪಕರಣವನ್ನು ತರಿಸಿಕೊಳ್ಳಬಹುದಿತ್ತು.

1908ರಲ್ಲಿ ಎರಡು ಸಂಪುಟಗಳಲ್ಲಿ ಬಂದ ದಂತ ಚಿಕಿತ್ಸೆಯ ಗ್ರಂಥದಲ್ಲಿ ಹುಳುಕನ್ನು ಅದು ಬೀಳುವ ಜಾಗಕ್ಕೆ ತಕ್ಕಂತೆ ಐದು ವರ್ಗಗಳಾಗಿ ವಿಂಗಡಿಸಿದರು. ಆರನೆಯದೊಂದು ಅನಂತರ ಸೇರಿತು. ಕರ್ನಾಟಕದ ದಂತವೈದ್ಯ ವಿದ್ಯಾರ್ಥಿಗಳು ಇಂದಿಗೂ ಕಲಿಯುವುದು ಈ ವಿಂಗಡಣೆಯನ್ನೇ. ಹುಳುಕು ತುಂಬಲು ಬಳಸುವ ಪಾದರಸ ಬೆರೆತ ಬೆಳ್ಳಿಯ ಮಿಶ್ರಣ ಕೆಲವೊಮ್ಮೆ ಕುಗ್ಗುವುದೇಕೆ, ಹಿಗ್ಗುವುದೇಕೆ ಎಂಬುದನ್ನು 1895ರ ಸುಮಾರಿಗೆ ಅಳೆದು ನೋಡಿ ಸಮತೋಲದ ಮಿಶ್ರಣವನ್ನು ತೋರಿಸಿಕೊಟ್ಟವರೂ ಅವರೇ. ಪಾದರಸದ ಭೀತಿಯಿಂದ ಆ ಮಿಶ್ರಣದ ಬಳಕೆ ಇಂದು ಜಗತ್ತಿನಾದ್ಯಂತ ಇಳಿಮುಖವಾಗಿದೆ. ಆದರೆ ಅಳೆಯದೆ ಯಾವುದನ್ನೂ ಹೇಳಬಾರದೆಂಬ ಅವರ ಪಾಠ ಇಳಿದಿಲ್ಲ.

ಕಂದುಕಲೆಯ ಬೆನ್ನುಹತ್ತಿ

ಬದುಕಿನ ಕೊನೆಯ ವರ್ಷಗಳಲ್ಲಿ ಬ್ಲ್ಯಾಕ್ ಅವರನ್ನು ಸೆಳೆದ ಸಮಸ್ಯೆಯೊಂದು ಉತ್ತರ ಕರ್ನಾಟಕದ ಓದುಗರಿಗೆ ಅಪರಿಚಿತವಲ್ಲ. ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 1901ರಿಂದ ವೃತ್ತಿ ನಡೆಸುತ್ತಿದ್ದ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯರು ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದುಬಣ್ಣದ ಕಲೆಗಳನ್ನು ಕಂಡರು. ಯಾವ ಪುಸ್ತಕದಲ್ಲಿಯೂ ಅದರ ವಿವರವಿರಲಿಲ್ಲ. ಅವರು ಬ್ಲ್ಯಾಕ್ ಅವರ ಮೊರೆಹೋದರು. ಎಪ್ಪತ್ತು ದಾಟಿದ್ದ ಬ್ಲ್ಯಾಕ್ 1909ರಲ್ಲಿ ತಾವೇ ಅಲ್ಲಿಗೆ ಹೋದರು. ಆ ಊರಿನಲ್ಲೇ ಹುಟ್ಟಿದ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಯ ಹಲ್ಲುಗಳಲ್ಲಿ ಕಲೆಯಿತ್ತು. ಶಾಶ್ವತ ಹಲ್ಲು ಬಲಿತ ಮೇಲೆ ಬೇರೆಡೆಯಿಂದ ಬಂದು ನೆಲೆಸಿದವರಿಗೆ ಇರಲಿಲ್ಲ. ಅಂದರೆ ಹಲ್ಲು ರೂಪುಗೊಳ್ಳುವ ಎಳವೆಯಲ್ಲಿಯೇ ತೊಂದರೆ ತಗಲುತ್ತಿತ್ತು. ಕಲೆಯಿದ್ದರೂ ಆ ಹಲ್ಲುಗಳಲ್ಲಿ ಹುಳುಕು ಕಡಿಮೆ ಎಂಬುದು ಇಬ್ಬರನ್ನೂ ಬೆರಗುಗೊಳಿಸಿತು.

ಕಲೆಬಿದ್ದ ಎನಾಮಲ್ ಎಂಬ ಅರ್ಥ ಕೊಡುವ ಹೆಸರಿನಲ್ಲಿ ಆ ರೋಗ ವೈದ್ಯ ಸಾಹಿತ್ಯವನ್ನು ಪ್ರವೇಶಿಸಿತು. ಬ್ಲ್ಯಾಕ್ ಮತ್ತು ಮೆಕೇ ಅವರ ಬರಹ 1916ರಲ್ಲಿ ಪ್ರಕಟವಾದಾಗ ಬ್ಲ್ಯಾಕ್ ಬದುಕಿರಲಿಲ್ಲ. ಕುಡಿಯುವ ನೀರಿನಲ್ಲಿನ ಅಧಿಕ ಫ್ಲೋರೈಡ್ ಇದಕ್ಕೆ ಕಾರಣವೆಂದು ತಿಳಿದದ್ದು 1931ರಲ್ಲಿ. 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಿಂದ ಭಾರತದ ವರದಿಯೂ ಬಂತು. ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರು ಕುಡಿದು ಬೆಳೆದವರ ಹಲ್ಲುಗಳ ಮೇಲೆ ಕಾಣುವುದು ಇದೇ ಕಲೆ. ಹೆಸರಿಲ್ಲದ ರೋಗವನ್ನು ಲೆಕ್ಕಕ್ಕೆ ಹಿಡಿಯಲಾಗದು. ಲೆಕ್ಕಕ್ಕೆ ಸಿಗದ ರೋಗಕ್ಕೆ ಮದ್ದು ಹುಡುಕಲಾಗದು. ಬ್ಲ್ಯಾಕ್ ಕೊಟ್ಟ ಹೆಸರಿನಿಂದ ಹುಡುಕಾಟಕ್ಕೆ ಹಾದಿ ತೆರೆಯಿತು.

ಇಂಪ್ಲಾಂಟ್ ಕಾಲದಲ್ಲಿ ಬ್ಲ್ಯಾಕ್

1915ರ ಆಗಸ್ಟ್ 31ರಂದು ಬ್ಲ್ಯಾಕ್ ನಿಧನರಾದರು. ಚಿಕಾಗೊದ ಲಿಂಕನ್ ಉದ್ಯಾನದಲ್ಲಿ 1918ರಲ್ಲಿ ಅವರ ಪ್ರತಿಮೆ ನಿಂತಿತು. ಅವರು ತೀರಿಕೊಂಡ ವರ್ಷವೇ, ಹಿಂದೊಮ್ಮೆ ಅವರು ಪಾಠ ಹೇಳಿದ್ದ ಅಯೋವಾ ವಿಶ್ವವಿದ್ಯಾಲಯದಿಂದ ಬಂಗಾಳದ ರಫಿಯುದ್ದೀನ್ ಅಹ್ಮದ್ ದಂತವೈದ್ಯ ಪದವಿ ಪಡೆದರು. 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜನ್ನು ತೆರೆದವರು ಇವರೇ. 1928ರಲ್ಲಿ ವಿದ್ಯಾರ್ಥಿಗಳಿಗಾಗಿ ದಂತ ಚಿಕಿತ್ಸೆಯ ಕೈಪಿಡಿಯನ್ನೂ ಬರೆದರು. ಹೀಗೆ ಆ ಪದಗಳು ಈ ನೆಲಕ್ಕೆ ಬಂದವು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ, ಬೆಳಗಾವಿಯ ಕೆಎಲ್ಇ ಸಂಸ್ಥೆಯದು 1985ರಲ್ಲಿ ಆರಂಭವಾದಾಗ ಅಲ್ಲೆಲ್ಲ ಮೊದಲ ಪಾಠ ಹಲ್ಲಿನ ಮುಖಗಳ ಹೆಸರುಗಳದೇ.

ಬ್ಲ್ಯಾಕ್ ಇಂಪ್ಲಾಂಟ್ ಕಂಡವರಲ್ಲ. ಟೈಟಾನಿಯಂ ತಿರುಪನ್ನು ದವಡೆಯ ಮೂಳೆಯಲ್ಲಿ ಕೂರಿಸಿ ಅದರ ಮೇಲೆ ಕೃತಕ ಹಲ್ಲು ನಿಲ್ಲಿಸುವ ಈಗಿನ ವಿಧಾನ ಸ್ವೀಡನ್ನಿನ ಪಿ.ಐ. ಬ್ರೋನೆಮಾರ್ಕ್ ಅವರ ಸಂಶೋಧನೆಯ ಫಲ. 1965ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಅವರು ಮೊದಲ ರೋಗಿಗೆ ಈ ಚಿಕಿತ್ಸೆ ನೀಡಿದರು. ಲೋಹಕ್ಕೂ ಜೀವಂತ ಮೂಳೆಗೂ ಆಗುವ ನೇರ ಬೆಸುಗೆಗೆ ಆಸಿಯೋ ಇಂಟಿಗ್ರೇಷನ್ ಎಂಬ ಹೆಸರು ಬಂತು. ಮೂಳೆಯೊಳಗಿನ ತಿರುಪು ಫಿಕ್ಸ್ಚರ್, ಅದರ ಮೇಲಿನ ಜೋಡುಕಂಬ ಅಬಟ್‌ಮೆಂಟ್, ಕಣ್ಣಿಗೆ ಕಾಣುವ ಹಲ್ಲು ಕ್ರೌನ್. ಹೊಸ ವಿದ್ಯೆ ತನ್ನ ಹೊಸ ಪದಗಳೊಂದಿಗೇ ಬಂದಿತು.

ಆದರೂ ಆ ತಿರುಪನ್ನು ಎಲ್ಲಿ ಕೂರಿಸಬೇಕೆಂದು ಹೇಳಲು ಹಳೆಯ ಪದಗಳೇ ಬೇಕು. ಪಕ್ಕದ ಹಲ್ಲಿಗೂ ತಿರುಪಿಗೂ ನಡುವೆ ಮೀಸಿಯಲ್ ಅಥವಾ ಡಿಸ್ಟಲ್ ಕಡೆ ಕನಿಷ್ಠ ಒಂದೂವರೆ ಮಿಲಿಮೀಟರ್, ಎರಡು ತಿರುಪುಗಳ ನಡುವೆ ಮೂರು ಮಿಲಿಮೀಟರ್ ಅಂತರ ಬಿಡಬೇಕೆಂಬುದು ಸಾಮಾನ್ಯ ನಿಯಮ. ಬಕಲ್ ಕಡೆಯ ಮೂಳೆ ಬಹಳ ತೆಳುವಾಗಿದ್ದರೆ ಒಸಡು ಕುಗ್ಗಿ ಲೋಹ ಕಾಣಬಹುದು. ಕೆಳದವಡೆಯಲ್ಲಿ ಕೊರೆಯುವಾಗ ಲಿಂಗ್ವಲ್ ಕಡೆಗೆ ರಂಧ್ರ ಬಿದ್ದರೆ ನಾಲಿಗೆಯ ಕೆಳಗೆ ರಕ್ತಸ್ರಾವವಾಗುವ ಅಪಾಯವಿದೆ. ತೀರ ಆಳಕ್ಕಿಳಿದರೆ ನರಕ್ಕೆ ಪೆಟ್ಟಾಗಿ ತುಟಿ ಮರಗಟ್ಟಬಹುದು. ದಿಕ್ಕಿನ ಒಂದು ಪದ ತಪ್ಪಿದರೆ ಒಳ್ಳೆಯ ಹಲ್ಲು ಕಿತ್ತು ಕೆಟ್ಟ ಹಲ್ಲು ಉಳಿಯಲೂಬಹುದು. ಪದಗಳ ಖಚಿತತೆ ಇಲ್ಲಿ ಪಂಡಿತರ ವಾದದ ವಿಷಯವಲ್ಲ, ರೋಗಿಯ ಬಾಯಿಯ ಕ್ಷೇಮದ ವಿಷಯ.

ಇನ್ನೊಂದು ನಂಟೂ ಇದೆ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಮೆತ್ತೆಯಂತಿರುವ ತೆಳುಪೊರೆಯ ಕುರಿತು ಬ್ಲ್ಯಾಕ್ 1887ರಲ್ಲಿಯೇ ಸೂಕ್ಷ್ಮದರ್ಶಕದ ಅಧ್ಯಯನ ಪ್ರಕಟಿಸಿದ್ದರು. ಅಗಿಯುವಾಗಿನ ಒತ್ತಡವನ್ನು ತಾಳುವುದು, ಕಲ್ಲು ಕಚ್ಚಿದೊಡನೆ ಮಿದುಳಿಗೆ ಸುದ್ದಿ ಮುಟ್ಟಿಸುವುದು ಆ ಪೊರೆಯೇ. ಇಂಪ್ಲಾಂಟ್‌ಗೆ ಅದು ಇರುವುದಿಲ್ಲ. ಆದ್ದರಿಂದಲೇ ಅದರ ಮೇಲೆ ಬೀಳುವ ಭಾರವನ್ನು ವೈದ್ಯರು ಎಚ್ಚರದಿಂದ ಹೊಂದಿಸಬೇಕಾಗುತ್ತದೆ. ಸಹಜ ಹಲ್ಲನ್ನು ಉಳಿಸಿಕೊಳ್ಳಲು ಸಾಧ್ಯವಿರುವಾಗ ಉಳಿಸಿಕೊಳ್ಳುವುದೇ ಲೇಸು ಎಂಬ ಮಾತಿಗೆ ಇದೂ ಒಂದು ಆಧಾರ.

ಬದಲಾದದ್ದು, ಉಳಿದದ್ದು

ಬ್ಲ್ಯಾಕ್ ಹೇಳಿದ್ದೆಲ್ಲವೂ ಇಂದು ವೇದವಾಕ್ಯವಾಗಿ ಉಳಿದಿಲ್ಲ. ಅವರು ಆ ಪೊರೆಗೆ ಬಳಸಿದ ಹೆಸರಿನ ಜಾಗದಲ್ಲಿ ಬೇರೆ ಹೆಸರು ಬಂದಿದೆ. ಹುಳುಕು ಮರಳಿ ಬಾರದಂತೆ ಸುತ್ತಲಿನ ಗಟ್ಟಿ ಭಾಗವನ್ನೂ ಸ್ವಲ್ಪ ಕೊರೆದು ತುಂಬಬೇಕೆಂಬ ಅವರ ನಿಯಮ ದಶಕಗಳ ಕಾಲ ಪಾಲನೆಯಾಗಿ, ಹಲ್ಲಿಗೆ ಅಂಟುವ ಹೊಸ ವಸ್ತುಗಳು ಮತ್ತು ಫ್ಲೋರೈಡ್ ಬಂದ ಮೇಲೆ ಹಿಂದೆ ಸರಿದಿದೆ. ಇಂದಿನ ವೈದ್ಯರು ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಕೊರೆಯುತ್ತಾರೆ. ಅವರ ಸಿದ್ಧಾಂತವನ್ನು ತಿದ್ದಿದವರೂ ತಿದ್ದುಪಡಿಯನ್ನು ಬರೆದದ್ದು ಅವರೇ ಗಟ್ಟಿಗೊಳಿಸಿದ ಭಾಷೆಯಲ್ಲಿ. ಪದ ಒಂದೇ ಆಗಿದ್ದುದರಿಂದ ತಪ್ಪು ಎಲ್ಲಿದೆ ಎಂಬುದೂ ಎಲ್ಲರಿಗೆ ಒಂದೇ ರೀತಿ ಕಂಡಿತು.

ಆ ಭಾಷೆ ಇನ್ನೂ ಕುರ್ಚಿಯ ಒಂದೇ ಬದಿಗಿದೆ ಎಂಬುದು ಕನ್ನಡದ ರೋಗಿಯ ಕೊರತೆ. ನಮ್ಮಲ್ಲಿ ಪದಗಳಿಗೆ ಬಡತನವಿಲ್ಲ. ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು, ಒಸಡು, ಅಂಗಳು, ಕಿರುನಾಲಿಗೆ ಎಂದು ಬಾಯಿಯ ಮೂಲೆಮೂಲೆಗೂ ಹೆಸರಿಟ್ಟ ನುಡಿಯಿದು. ಕೆನ್ನೆಬದಿ, ನಾಲಿಗೆಬದಿ, ಅಗಿಯುವ ಮುಖ ಎಂದರೆ ಸವದತ್ತಿಯ ಸಂತೆಗೆ ಬಂದ ಮುದುಕಿಗೂ ತಿಳಿಯುತ್ತದೆ. ಫಿಕ್ಸ್ಚರ್ ಎಂದರೆ ಮೂಳೆಯೊಳಗೆ ಕೂರುವ ತಿರುಪು, ಅದು ಮೂಳೆಗೆ ಬೆಸೆಯಲು ಕೆಲವು ತಿಂಗಳು ಬೇಕು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ತಂಬಾಕಿನ ಚಟವಿದ್ದರೆ ಆ ಬೆಸುಗೆ ಕೆಡುವ ಸಂಭವ ಹೆಚ್ಚು ಎಂಬ ಮಾತುಗಳು ಒಪ್ಪಿಗೆ ಪತ್ರಕ್ಕೆ ಸಹಿ ಬೀಳುವ ಮೊದಲು ಕನ್ನಡದಲ್ಲಿ ಕಿವಿಗೆ ಬಿದ್ದರೆ ಸಾಕು, ರೋಗಿ ತಿಳಿದು ಒಪ್ಪುತ್ತಾನೆ. ಇಲ್ಲವಾದರೆ ಅವನು ಒಪ್ಪುವುದು ವೈದ್ಯರ ಬಿಳಿ ಅಂಗಿಗೆ ಮಾತ್ರ.

ಹೊಲದಿಂದ ಬಂದ, ಶಾಲೆ ಹೆಚ್ಚು ಕಾಣದ ಒಬ್ಬ ವ್ಯಕ್ತಿ ಜಗತ್ತಿನ ದಂತವೈದ್ಯರು ಪರಸ್ಪರ ಮಾತನಾಡುವಂತೆ ಮಾಡಿದರು. ವೈದ್ಯರೂ ರೋಗಿಯೂ ಪರಸ್ಪರ ಮಾತನಾಡುವಂತೆ ಮಾಡುವ ಕೆಲಸ ಇನ್ನೂ ಬಾಕಿ ಇದೆ. ಅದು ಒಂದೊಂದು ಊರಿನ, ಒಂದೊಂದು ನುಡಿಯ ವೈದ್ಯರ ಪಾಲಿನದು.